ಕಿಟಕಿ ಪಕ್ಕದ ಮೆತ್ತೆ

ಹೊಸ ಫೋಮಿಗೆ ಒಂದು ವಾಸನೆಯಿದೆ. ಅದರಲ್ಲಿ ಸ್ವಲ್ಪ ರಬ್ಬರು, ಸ್ವಲ್ಪ ಸೈಕಲ್ ಟ್ಯೂಬಿಗೆ ಹಚ್ಚುವ ಅಂಟು, ಮತ್ತೆ ಏನೆಂದು ಹೇಳಲಾಗದ ಒಂದು ಕಮಟು. ಹೋದ ತಿಂಗಳು ಹಾಸನದ ನಮ್ಮ ಮನೆಯ ಸೋಫಾ ಕುಸಿದು, ಕೂತವರನ್ನು ಎಬ್ಬಿಸಲು ಇನ್ನೊಬ್ಬರು ಕೈಕೊಡಬೇಕಾದ ಸ್ಥಿತಿ ಬಂದಾಗ, ಮೆತ್ತೆಗಳ ಒಳಗಿನದನ್ನು ಬದಲಾಯಿಸಲು ಒಬ್ಬಾತನನ್ನು ಕರೆಸಿದೆವು. ಅವನು ವರಾಂಡದಲ್ಲಿ ಕೂತು ಉದ್ದನೆಯ ಚಾಕುವಿನಲ್ಲಿ ಫೋಮ್ ಕೊಯ್ಯತೊಡಗಿದ. ವಾಸನೆ ನಡುಮನೆಯವರೆಗೂ ಬಂತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ತಲೆಹಾಕಿ, "ಅಳೇದ್ನ ಏನ್ ಮಾಡ್ಲಮ್ಮ? ನಾನೇ ತಗಂಡೋಗ್ಲಾ?" ಎಂದು ಕೇಳಿದ. ಕೇಳಬೇಕಾದ ಮಾತನ್ನೇ ಕೇಳಿದ್ದ. ನಾನು ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ. ಹೊರಗೆ ನಮ್ಮ ಯಜಮಾನರು "ತಗೊಂಡು ಹೋಗಪ್ಪ, ನಮಗ್ಯಾಕೆ" ಎಂದದ್ದು ಕೇಳಿಸಿತು. ಅವರ ಮೇಲೆ ಸಿಟ್ಟು ಬಂತು. ಪಾಪ, ಅವರಿಗೇನು ಗೊತ್ತು? ಇಷ್ಟು ವರ್ಷ ಸಂಸಾರ ಮಾಡಿಯೂ ಇದೊಂದನ್ನು ನಾನು ಅವರಿಗೆ ಹೇಳಿಲ್ಲ. ಹೇಳಿಬಿಡುವ ಗುಣ ನನಗೆ ಚಿಕ್ಕಂದಿನಲ್ಲಿತ್ತು. ಆಮೇಲೆ ಹೋಯಿತು. ಹೋದದ್ದು ಹೇಗೆ ಎಂಬುದೇ ಈ ಕಥೆ.

ನಮ್ಮ ಮನೆ ಆಗ ಹೊಳೆನರಸೀಪುರದಲ್ಲಿತ್ತು. ಜಮೀನೆಲ್ಲ ಹಳ್ಳಿಮೈಸೂರಿನ ಕಡೆ. ಅಪ್ಪ ರೈಲ್ವೆ ಸ್ಟೇಷನ್ನಿನ ಹತ್ತಿರ ಅಕ್ಕಿ ಗಿರಣಿ ಹಾಕಿದ ಮೇಲೆ ಸಂಸಾರವನ್ನು ಪೇಟೆಗೆ ತಂದಿದ್ದರು. ಕೆಂಪು ಗಾರೆಯ ನೆಲ, ನಡುಮನೆಗೆ ಬೀದಿಯ ಕಡೆ ಒಂದು ದೊಡ್ಡ ಕಿಟಕಿ, ಹಿಂದೆ ಬಾವಿ. ಈಗ ಅಲ್ಲಿ ಮೊಬೈಲ್ ಮಾರುವ ಅಂಗಡಿಗಳ ಸಾಲಿದೆ. ಬಾವಿ ಇದ್ದ ಕಡೆ ಸ್ಕೂಟರ್ ನಿಲ್ಲಿಸುತ್ತಾರೆ. ಮನೆಯಲ್ಲಿದ್ದವರು ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ, ಅಪ್ಪನ ಕೊನೆಯ ತಂಗಿ ಜಯತ್ತೆ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ ಸೋಮು. ಇಷ್ಟು ಜನರಲ್ಲದೆ ಆ ಮನೆಯಲ್ಲಿ ಒಂದು ಸೋಫಾ ಕೂಡ ಇತ್ತು. ಕೂಡ ಎಂದೇಕೆ ಹೇಳುತ್ತೇನೆಂದರೆ ಅದಕ್ಕೆ ಮನೆಯ ಒಬ್ಬ ಹಿರಿಯನಿಗೆ ಸಲ್ಲುವ ಮರ್ಯಾದೆ ಸಲ್ಲುತ್ತಿತ್ತು. ತೇಗದ ಮರದ್ದು. ಮೂವರು ಕೂರುವಂಥದ್ದು, ಮೂವರಿಗೂ ಬೇರೆ ಬೇರೆ ಮೆತ್ತೆ. ಒಳಗೆ ಚನ್ನರಾಯಪಟ್ಟಣದಿಂದ ತರಿಸಿದ ತೆಂಗಿನ ನಾರು, ಮೇಲೆ ಹಸಿರು ಗವಸು. ಬೇಸಿಗೆಯಲ್ಲಿ ನಾರು ಒಣಗಿದ ಸೊಪ್ಪಿನ ವಾಸನೆ ಬೀರುತ್ತಿತ್ತು, ಮಳೆಗಾಲದಲ್ಲಿ ನೆಂದ ಚಾಪೆಯದು. ಅಮಲ್ದಾರರು, ಗಿರಣಿಗೆ ಬಂದ ಸಾಹುಕಾರರು, ಅಪ್ಪನ ಸ್ನೇಹಿತರು ಅದರ ಮೇಲೆ ಕೂರುತ್ತಿದ್ದರು. ಹೆಂಗಸರು ನೆಲದ ಮೇಲೆ. ಅವ್ವ ಆ ಸೋಫಾದ ಮೇಲೆ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಅಂಥ ಸೋಫಾ ಇದ್ದಿರಬೇಕು, ಅದನ್ನು ಒರೆಸಿ ಒರೆಸಿಯೇ ಮುದುಕಿಯಾದ ಒಬ್ಬ ಅವ್ವ ಇದ್ದಿರಬೇಕು.

ಸೋಮುವಿಗೆ ಒಂದು ಪುಟ್ಟ ಹಾಸಿಗೆಯಿತ್ತು. ಅದರ ಹತ್ತಿ ಅವನು ಹುಟ್ಟಿದಾಗ ಅವ್ವನ ತವರು ಮಲ್ಲಿಪಟ್ಟಣದಿಂದ ತೊಟ್ಟಿಲಿನ ಜೊತೆ ಬಂದದ್ದು. ಅವರ ಹೊಲದ ಬದುವಿನಲ್ಲಿ ಒಂದು ಬೂರುಗದ ಮರವಿತ್ತು. ಅವ್ವ ಬಸುರಿಯಾಗಿ ತವರಿಗೆ ಹೋದಾಗ ಎರಡು ತಿಂಗಳು ಕೂತು ಆ ಮರದ ಹತ್ತಿಯಿಂದ ಒಂದೊಂದೇ ಬೀಜ ತೆಗೆದಿದ್ದಳಂತೆ. ಬೂರುಗದ ಹತ್ತಿ ಮಾಮೂಲಿ ಹತ್ತಿಯ ಹಾಗಲ್ಲ, ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಅದನ್ನು ಹಾಸಿಗೆಗೆ ತುಂಬಿ ಹೊಲಿದವರು ನಮ್ಮ ಬೀದಿಗೆಲ್ಲ ಹತ್ತಿ ಹಿಂಜಿಕೊಡುತ್ತಿದ್ದ ಕರೀಂ ಸಾಬರು. ಸೋಮು ಅದರ ಮೇಲೆ ನಾಲ್ಕು ವರ್ಷ ಮಲಗಿದ. ಉಚ್ಚೆ ಹೊಯ್ದ, ಹಾಲು ಕಕ್ಕಿದ, ಬಜೆ ತೇಯ್ದು ಹಾಕಿಸಿಕೊಂಡ. ಎಷ್ಟು ಬಿಸಿಲಿಗೆ ಹಾಕಿದರೂ ಆ ಹಾಸಿಗೆಗೆ ಅವನ ವಾಸನೆ ಹೋಗುತ್ತಿರಲಿಲ್ಲ. ನಾನು ಏಳು ವರ್ಷದವಳಿದ್ದಾಗ, ಒಂದು ಆಷಾಢದಲ್ಲಿ, ಅವನಿಗೆ ಜ್ವರ ಬಂತು. ಹದಿಮೂರು ದಿನ ಇತ್ತು. ಹದಿನಾಲ್ಕನೆಯ ದಿನ ಜ್ವರವೂ ಇರಲಿಲ್ಲ, ಅವನೂ ಇರಲಿಲ್ಲ.

ನಮ್ಮಲ್ಲಿ ಸತ್ತವರು ಮಲಗಿದ್ದ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅದನ್ನು ಹೊಳೆದಂಡೆಗೆ ಸಾಗಿಸಬೇಕು. ಆ ದಿನ ಬೆಳಗ್ಗೆ ಅಪ್ಪ, ಅಜ್ಜಿ, ನೆಂಟರೆಲ್ಲ ಹಾಲುತುಪ್ಪಕ್ಕೆ ಹೋದರು. ಜಯತ್ತೆ ಹಿಂದೆ ಬಾವಿಯ ಹತ್ತಿರ ರಾಶಿ ಬಟ್ಟೆ ಒಗೆಯುತ್ತಿದ್ದಳು. ನಾನು ನಡುಮನೆಗೆ ಬಂದರೆ ಅವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಒಂದು ಪಕ್ಕ ಸೋಮುವಿನ ಹಾಸಿಗೆ ಹೊಟ್ಟೆ ಸೀಳಿಕೊಂಡು ಬಿದ್ದಿತ್ತು, ಇನ್ನೊಂದು ಪಕ್ಕ ಸೋಫಾದ ಕಿಟಕಿ ಕಡೆಯ ಮೆತ್ತೆ. ಅವ್ವ ಮೆತ್ತೆಯ ನಾರನ್ನೆಲ್ಲ ಹಾಸಿಗೆಯೊಳಕ್ಕೆ ತುರುಕುತ್ತಿದ್ದಳು, ಹಾಸಿಗೆಯ ಬೂರುಗವನ್ನು ಮೆತ್ತೆಯೊಳಕ್ಕೆ. ಬೀದಿಯಿಂದ ಆಷಾಢದ ಗಾಳಿ ನುಗ್ಗಿ ಹತ್ತಿ ಮನೆತುಂಬ ಹಾರಾಡುತ್ತಿತ್ತು. ನನ್ನನ್ನು ನೋಡಿ ಅವ್ವ ಬೆಚ್ಚಲಿಲ್ಲ. "ಬಾಗ್ಲಾಕ್ಕೊ ಮಗ" ಎಂದಳು, ಅಷ್ಟೆ. ನಾನು ಬಾಗಿಲು ಹಾಕಿ, ಹಾರುವ ಹತ್ತಿಯನ್ನು ಮೂಲೆಮೂಲೆಯಿಂದ ಹಿಡಿದು ತಂದು ಅವಳ ಮಡಿಲಿಗೆ ಹಾಕಿದೆ. ನನಗೆ ಅದು ಆಟವಾಗಿತ್ತು. ಮೂರು ದಿನದಲ್ಲಿ ಮೊದಲ ಸಲ ನಕ್ಕೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವ್ವ ದಬ್ಬಳದಲ್ಲಿ ಎರಡನ್ನೂ ಹೊಲಿದಳು, ಹಲ್ಲಿನಿಂದ ದಾರ ಕಡಿದಳು. ಆಮೇಲೆ ನನ್ನ ಗಲ್ಲ ಹಿಡಿದು, "ಯಾರ್ತಾವೂ ಏಳ್ಬ್ಯಾಡ ಕಣ್ ಮಗ" ಎಂದಳು. ಆ ಮಧ್ಯಾಹ್ನ ಹಾಸಿಗೆ ಹೊತ್ತ ಆಳು ಹೊಸಿಲಲ್ಲಿ ನಿಂತು, "ಮಗೀನ್ ಆಸ್ಗೆ ಇಷ್ಟ್ ಬಾರವಾ!" ಎಂದು ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗೆ ಆ ಮನೆಯಲ್ಲಿ ನಾಲ್ಕು ವರ್ಷ ನನಗೂ ಅವ್ವನಿಗೂ ಒಂದು ಗುಟ್ಟಿತ್ತು. ಆ ಗುಟ್ಟಿನಿಂದ ನಾನು ದೊಡ್ಡವಳಾದೆ ಎಂದುಕೊಂಡಿದ್ದೆ. ಅವ್ವ ಅವರೆಕಾಯಿ ಸುಲಿಯುವಾಗ, ಅಕ್ಕಿ ಆರಿಸುವಾಗ, ಸುಮ್ಮನೆ ಕೂರುವಾಗ ಕಿಟಕಿಯ ಹತ್ತಿರ ನೆಲದಲ್ಲಿ ಕೂತು ತೋಳನ್ನು ಆ ಮೆತ್ತೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಕೆನ್ನೆಯನ್ನೂ ಇಡುತ್ತಿದ್ದಳು. ಮೆತ್ತೆಗಳನ್ನು ಬಿಸಿಲಿಗೆ ಹಾಕುವ ಕೆಲಸ ಜಯತ್ತೆಯದು, ಆದರೆ ಆ ಒಂದನ್ನು ಅವ್ವನೇ ಹೊತ್ತು ಹೋಗಿ ಅವ್ವನೇ ತಿರುವಿ ಹಾಕಬೇಕು. ನಮ್ಮೂರಿನ ಅಮಲ್ದಾರರು ಗುಡಾಣದಂಥ ಆಸಾಮಿ, ಬಂದಾಗೆಲ್ಲ ಗಾಳಿಗೆಂದು ಕಿಟಕಿಯ ಪಕ್ಕವೇ ಕೂರುತ್ತಿದ್ದರು. ಕಾಫಿ ಲೋಟ ಹಿಡಿದು ಬಂದ ಅವ್ವನ ಮುಖ ನೋಡಬೇಕಿತ್ತು ಆಗ. ಅವರು ಹೋದ ಮೇಲೆ ಮೆತ್ತೆಯನ್ನು ತಟ್ಟಿ ತಟ್ಟಿ ಉಬ್ಬಿಸುತ್ತಿದ್ದಳು, ಪೆಟ್ಟುಬಿದ್ದ ಮಗುವಿನ ಬೆನ್ನು ನೀವುವ ಹಾಗೆ. ಆಗ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ಆ ನೋಟ ನನಗೊಬ್ಬಳಿಗೇ ಸೇರಿದ್ದು. ಅಂಥದ್ದು ನನಗೆ ಜೀವನದಲ್ಲಿ ಮತ್ತೆ ಸಿಗಲಿಲ್ಲ.

ನನಗೆ ಹನ್ನೊಂದಾದಾಗ ಜಯತ್ತೆಗೆ ಗಂಡು ಗೊತ್ತಾಯಿತು. ಕೊಣನೂರಿನ ಕಡೆಯವರು, ಹುಡುಗ ಓವರ್ಸೀಯರ್ ಕೆಲಸದಲ್ಲಿದ್ದ. ಹೆಣ್ಣು ನೋಡಲು ಬಂದ ದಿನ ಹುಡುಗನ ದೊಡ್ಡಪ್ಪ ಸೋಫಾದ ನಡುವಿನ ಮೆತ್ತೆಯಲ್ಲಿ ಕೂತು, ನಾರು ಚುಚ್ಚಿ, ಮಾತಿನ ನಡುನಡುವೆ ಮಗ್ಗುಲು ಬದಲಾಯಿಸುತ್ತಿದ್ದದ್ದನ್ನು ಅಪ್ಪ ನೋಡಿಬಿಟ್ಟರು. ಅಪ್ಪನಿಗೆ ಅದು ದೊಡ್ಡ ಅವಮಾನವಾಯಿತು. ಲಗ್ನ ನಿಶ್ಚಯವಾದ ಮರುವಾರವೇ ಮೈಸೂರಿಗೆ ಹೋಗಿ, ರೈಲಿನಲ್ಲಿ ಮೂರು ರಬ್ಬರ್ ಫೋಮಿನ ದಿಂಡು ತಂದರು. ಬೀದಿಯವರೆಲ್ಲ ನೋಡಲು ಬಂದರು. ಕೆನೆಯ ಬಣ್ಣ, ಮೈತುಂಬ ಜೇನುಗೂಡಿನಂಥ ತೂತು. ಒತ್ತಿದರೆ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ನಾನೂ ಜಯತ್ತೆಯೂ ಕೈ ಸೋಲುವವರೆಗೆ ಒತ್ತಿದೆವು. ಅವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸುತ್ತಲೇ ಇದ್ದಳು.

ಕರೀಂ ಸಾಬರನ್ನು ಕರೆಸಿದರು. ಮದುವೆ ಹಾಸಿಗೆಗೆ ಹತ್ತಿ ಹಿಂಜುವ ಕೆಲಸ ಹೇಗೂ ಇತ್ತು, ಅದರ ಜೊತೆಗೆ ಇದೂ ಆಗಲಿ ಎಂದು. ಅವರು ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿ, ಫೋಮನ್ನು ಬೆರಳಲ್ಲಿ ತಿವಿದು, "ಇದ್ರಾಗೆ ಇಂಜಾಕೆ ಏನೈತೆ ಸಾ? ನಮ್ ಕೆಲ್ಸಕ್ಕೆ ಬಂತು ಸಂಚ್ಕಾರ" ಎಂದು ನಕ್ಕರು. ನಡುವಿನ ಮೆತ್ತೆ ಬಿಚ್ಚಿದರು, ನಾರು. ಬಾಗಿಲ ಕಡೆಯದು ಬಿಚ್ಚಿದರು, ನಾರು. ಕಿಟಕಿ ಪಕ್ಕದ್ದಕ್ಕೆ ಕತ್ತರಿ ಹಾಕಿದೊಡನೆ ಬೆಳ್ಳಗೆ ಬೂರುಗ ಉಕ್ಕಿತು. ಒಂದು ಹಿಡಿ ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು. ಒಂದು ಬೀಜವಿಲ್ಲ. ಆ ಊರಿನಲ್ಲಿ ಅಷ್ಟು ತಾಳ್ಮೆಯಿಂದ ಬೀಜ ತೆಗೆದ ಹತ್ತಿಯನ್ನು ಅವರು ಒಂದೇ ಸಲ ಕೈಯಲ್ಲಿ ಹಿಡಿದಿದ್ದರು, ಅದೂ ನಮ್ಮ ಮನೆಯಲ್ಲೇ. ತಲೆಯೆತ್ತಿ ಅವ್ವನನ್ನು ನೋಡಿದರು. ಅಜ್ಜಿ, "ಇದೇನ್ ಸಾಬ್ರೇ, ಬೂರ್ಗ ಎಲ್ಲಿಂದ ಬಂತು?" ಎಂದಳು. ಕರೀಂ ಸಾಬರು ಕಣ್ಣು ಕೆಳಗೆ ಹಾಕಿ, "ನಾನೇ ತುಂಬಿದ್ದು ಕಣ್ರವ್ವ. ಆಗ ನಾರು ಸಾಲ್ದೆ ಬಂದಿತ್ತು, ಮರ್ತೇ ಓಗಿತ್ತು" ಎಂದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಯಾರದೋ ಮನೆಯ ಹೆಣ್ಣುಮಗಳಿಗಾಗಿ ಹಾಗೆ ಸುಳ್ಳು ಹೇಳಿದರು.

ಅಜ್ಜಿಗೆ ಖುಷಿಯಾಯಿತು. ಒಂದು ಎಳೆಯನ್ನೂ ಹಾಳುಮಾಡುವವಳಲ್ಲ ಅವಳು. "ಒಳ್ಳೆ ಮಾಲು ಕಣ್ರೀ. ಇದ್ರಾಗೆ ನಮ್ ಜಯನ್ ಮದ್ವೆಗೆ ಎಲ್ಡ್ ತಲೆದಿಂಬಾಯ್ತವೆ" ಎಂದಳು. ಬೂರುಗಕ್ಕೆ ಬಿಲ್ಲು ಬೇಡ, ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಸಾಕು, ನಾಳೆ ಬಂದು ತುಂಬಿಕೊಡುತ್ತೇನೆ ಎಂದು ಕರೀಂ ಸಾಬರು ಹೊರಟರು. ಹತ್ತಿಯನ್ನು ಬಿದಿರು ಕುಕ್ಕೆಯಲ್ಲಿ ತುಂಬಿ ಮೇಲೊಂದು ಬಟ್ಟೆ ಮುಚ್ಚಿ ನಡುಮನೆಯಲ್ಲಿ ಇಟ್ಟರು. ಅವ್ವ ಸಾಬರನ್ನು ಕಳಿಸಲು ಜಗಲಿಯವರೆಗೆ ಹೋದಳು, ಎರಡು ಮಾತು ಆಡಿ ಒಳಗೆ ಬಂದಳು. ಏನು ಮಾತು ಎಂದು ನನಗೆ ಕೇಳಿಸಲಿಲ್ಲ. ಒಳಗೆ ಬಂದವಳು ಎಂದಿನಂತೆ ಮುದ್ದೆ ತಿರುವಿದಳು.

ನನಗೆ ಅನ್ನ ಸೇರಲಿಲ್ಲ. ಹನ್ನೊಂದು ವರ್ಷಕ್ಕೆ ನಾನು ಎಲ್ಲ ತಿಳಿದವಳಾಗಿದ್ದೆ. ಸತ್ತವರ ಹಾಸಿಗೆ ಮದುವೆ ಮನೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಬಾವಿಕಟ್ಟೆಯ ಹೆಂಗಸರಿಂದ ಕೇಳಿದ್ದೆ. ಜಯತ್ತೆ ನನ್ನ ತಲೆ ಬಾಚಿ, ನನ್ನ ಹೇನು ತೆಗೆದು, ಸೋಮು ಹೋದ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವಳು. ಅವಳು ಕೊಣನೂರಿಗೆ ಹೋಗಿ ದಿನಾ ಆ ದಿಂಬಿನ ಮೇಲೆ ತಲೆಯಿಡುತ್ತಾಳೆ, ಅವಳಿಗೂ ಸೋಮುವಿನ ಹಾಗೆ ಜ್ವರ ಬರುತ್ತದೆ, ಅವಳ ಮಕ್ಕಳಿಗೂ ಬರುತ್ತದೆ. ಅವ್ವ ಯಾಕೆ ಬಾಯಿ ಬಿಡುತ್ತಿಲ್ಲ? ಗುಟ್ಟು ಬಯಲಾಗಬಾರದೆಂದು ಜಯತ್ತೆಯನ್ನು ಬಲಿಕೊಡುತ್ತಾಳೆಯೇ? ಅವ್ವನನ್ನು ಕೇಳಬಹುದಿತ್ತು. ಅವ್ವ ಹತ್ತು ಹೆಜ್ಜೆಯಾಚೆ ಇದ್ದಳು. ಕೇಳಲಿಲ್ಲ. ಮರುದಿನ ಬೆಳಗ್ಗೆ ಅಜ್ಜಿ ನನಗೆ ಜಡೆ ಹಾಕುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಆ ಮಾತನ್ನು ನನಗೆ ಕಲಿಸಿದವಳೂ ಅಜ್ಜಿಯೇ. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಜಡೆಯನ್ನು ಕೊನೆಯವರೆಗೂ ಹೆಣೆದು, ಟೇಪು ಕಟ್ಟಿ, ಎದ್ದಳು.

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕುಕ್ಕೆಯ ಮುಂದೆ ನಿಂತು ಅವ್ವನನ್ನು ಕರೆದು, "ಏನವ್ವಾ ಕೆಂಪಮ್ಮ, ಇಂಗಾ ಮಾಡಾದು? ಮದ್ವೆ ಮನೆ ಕಣವ್ವಾ ಇದು" ಎಂದಳು. ಅವ್ವನ ಮುಖ ಬೂದಿಯಾಯಿತು. ಅವಳು ನೋಡಿದ್ದು ಅಜ್ಜಿಯನ್ನಲ್ಲ, ಅಜ್ಜಿಯ ಹಿಂದೆ ಹೊಸ ಜಡೆ ಹಾಕಿಕೊಂಡು ನಿಂತಿದ್ದ ನನ್ನನ್ನು. "ದಿಂಬ್ಗೆ ಇಕ್ತಿರ್ನಿಲ್ಲ ಕಣತ್ತೆ, ನನ್ನಾಣೆಗೂ ಇಕ್ತಿರ್ನಿಲ್ಲ" ಎಂದಳು. ಅಜ್ಜಿಯೂ ಅತ್ತಳು. ಅವಳಿಗೂ ಅವನು ಮೊಮ್ಮಗನೇ. ಆದರೂ ಅಳುತ್ತಲೇ, "ಏಳು, ಒಳೆಗೆ ಬುಟ್ಟು ಬರಾನ" ಎಂದು ಕುಕ್ಕೆಯನ್ನು ಅವ್ವನ ಕೈಗೆ ಕೊಟ್ಟಳು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಗಿರಣಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ನಾವು ಮೂವರೂ ಹೊಳೆಗೆ ಹೋದೆವು. ಬೇಸಿಗೆಯ ಹೇಮಾವತಿ, ದಂಡೆಯಲ್ಲಿ ನೀರು ಅಲ್ಲಾಡದೆ ನಿಂತಿತ್ತು, ಹರಿವು ದೂರ ನಡುವಿನಲ್ಲಿ. ಅಜ್ಜಿ ಕುಕ್ಕೆ ಬೋರಲು ಹಾಕಿದಳು. ಬೂರುಗ ಮುಳುಗಲಿಲ್ಲ. ಬೂರುಗಕ್ಕೆ ನೀರು ಹತ್ತುವುದಿಲ್ಲ, ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹತ್ತಿ ಬೆಳ್ಳಗೆ, ಒಣಗಿದಂತೆಯೇ, ನೀರಿನ ಮೇಲೆ ಹರಡಿಕೊಂಡು ನಮ್ಮ ಕಾಲಬುಡದಲ್ಲೇ ನಿಂತುಬಿಟ್ಟಿತು. ಅಜ್ಜಿ ಕೋಲಿನಿಂದ ಅದುಮಿದಳು, ಮತ್ತೆ ಎದ್ದಿತು. ಕಲ್ಲು ಹಾಕಿದಳು, ಕಲ್ಲು ಮುಳುಗಿತು. ಕೊನೆಗೆ ಅಜ್ಜಿ ಸೋತು ದಂಡೆಯಲ್ಲಿ ಕೂತಳು. ಆಗ ಅವ್ವ ಸೀರೆ ಎತ್ತಿಕಟ್ಟದೆ ಹಾಗೇ ನೀರಿಗಿಳಿದಳು. ಸೊಂಟದವರೆಗೆ ಇಳಿದು, ಎರಡು ಕೈಯಲ್ಲಿ ಬೂರುಗವನ್ನು ಬಳಿದು ಬಳಿದು ಹರಿವಿನ ಕಡೆಗೆ ದೂಡಿದಳು. ದಂಡೆಗೆ ತಿರುಗಿ ಬಂದದ್ದನ್ನು ಮತ್ತೆ ದೂಡಿದಳು. ಮಗನನ್ನು ಮಣ್ಣಿಗೆ ಇಟ್ಟವರು ಗಂಡಸರು. ಇದನ್ನು ಕೈಯಾರೆ ಮಾಡಬೇಕಾದವಳು ಅವಳಾದಳು. ಒಂದು ಎಳೆ ನನ್ನ ಲಂಗಕ್ಕೆ ಅಂಟಿಕೊಂಡಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಆಮೇಲೆ ಅವ್ವನಿಗೆ ಕೊಡಬಹುದಿತ್ತು. ಅಜ್ಜಿ ನೋಡುತ್ತಿದ್ದಳೆಂದು ಕೊಡವಿ ನೀರಿಗೆ ಬಿಟ್ಟೆ.

ಮನೆಗೆ ಬಂದರೆ ಜಗಲಿಯಲ್ಲಿ ಕರೀಂ ಸಾಬರು ಕೂತಿದ್ದರು. ಹೆಗಲ ಮೇಲೆ ಬಿಲ್ಲು, ಪಕ್ಕದಲ್ಲಿ ಒಂದು ಗೋಣಿಚೀಲ. ಒದ್ದೆ ಸೀರೆಯ ಅವ್ವನನ್ನೂ ಖಾಲಿ ಕುಕ್ಕೆಯನ್ನೂ ನೋಡಿ ಎದ್ದು ನಿಂತರು. ಚೀಲದ ಬಾಯಿ ಬಿಚ್ಚಿತ್ತು. ಒಳಗೆ ಹೊಸ ಬೂರುಗ ಇತ್ತು, ಎರಡು ದಿಂಬಿಗಾಗುವಷ್ಟು. "ನೀವು ಏಳ್ದಂಗೇ ತಂದಿದ್ದೆ ಕಣ್ರವ್ವ" ಎಂದರು, ಬಲು ಮೆಲ್ಲಗೆ. ಹಿಂದಿನ ದಿನ ಜಗಲಿಯಲ್ಲಿ ಅವ್ವ ಆಡಿದ ಎರಡು ಮಾತು ಅದೇ. ಇನ್ನೊಂದು ಗಳಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಅವರು ಕುಕ್ಕೆಯದರ ಬದಲು ಈ ಹೊಸದನ್ನು ಜಯತ್ತೆಯ ದಿಂಬಿಗೆ ತುಂಬುತ್ತಿದ್ದರು, ಸೋಮುವಿನದು ಅವ್ವನ ಹತ್ತಿರವೇ ಉಳಿಯುತ್ತಿತ್ತು. ಜಯತ್ತೆಗೂ ಏನೂ ಆಗುತ್ತಿರಲಿಲ್ಲ, ಅವ್ವನಿಗೂ.

ಮದುವೆ ಚೆನ್ನಾಗಿ ನಡೆಯಿತು. ಹೊಸ ಫೋಮಿನ ಸೋಫಾದ ಮೇಲೆ ಕೂತ ಬೀಗರು ಪುಟಿಪುಟಿದು ನಕ್ಕರು. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಊಟಕ್ಕೆ ಬಡಿಸಿದಳು, ಸ್ಕೂಲಿಗೆ ಕಳಿಸಿದಳು, ಮುಂದೆ ಒಳ್ಳೆಯ ಕಡೆ ನೋಡಿ ಮದುವೆ ಮಾಡಿದಳು, ನನ್ನ ಎರಡು ಬಾಣಂತನ ಮಾಡಿದಳು. ಕಿಟಕಿಯ ಪಕ್ಕ ಮಾತ್ರ ಮತ್ತೆ ಕೂರಲಿಲ್ಲ. ಅವರೆಕಾಯಿಯನ್ನು ಹಿತ್ತಲಿಗೆ ಒಯ್ದು ಸುಲಿಯುತ್ತಿದ್ದಳು. ಮತ್ತೆ, ಇದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು, ಆ ದಿನದ ಮೇಲೆ ಅವಳು ನನಗೆ ಯಾವ ಗುಟ್ಟನ್ನೂ ಹೇಳಲಿಲ್ಲ. ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಅದನ್ನು ಒಂದು ವರ್ಷ ಮುಚ್ಚಿಟ್ಟು, ತಡೆಯಲಾರದೆ ಹೇಳಿಕೊಂಡದ್ದು ಕೊಣನೂರಿನ ಜಯತ್ತೆಗೆ. ಜಯತ್ತೆ ಬಂದು ಅಳುತ್ತ ಹೇಳಿದಾಗಲೇ ನನಗೆ ಗೊತ್ತಾದದ್ದು. ನಾನು ಆಗ ಅವ್ವನ ಜೊತೆ ಒಂದೇ ಮನೆಯಲ್ಲಿ, ಹಾಸನದಲ್ಲಿದ್ದೆ. ಯಾಕವ್ವಾ ನನಗೆ ಹೇಳಲಿಲ್ಲ ಎಂದು ಕೇಳಬೇಕೆಂದು ಬಾಯಿತನಕ ಬಂತು. ಏನು ಉತ್ತರ ಬರುತ್ತದೋ ಎಂಬ ಹೆದರಿಕೆಗೆ ನುಂಗಿಕೊಂಡೆ.

ಅವ್ವ ನಮ್ಮ ಮನೆಯಲ್ಲೇ ತೀರಿಕೊಂಡಳು. ಡಾಕ್ಟರು ಹೇಳಿದರೆಂದು ಅವಳಿಗೆ ಫೋಮಿನ ಹಾಸಿಗೆ ಹಾಕಿದ್ದೆವು, ಐದು ತಿಂಗಳು ಅದರ ಮೇಲೆ ಮಲಗಿದ್ದಳು. ಮೂರನೆಯ ದಿನ ಎಲ್ಲರೂ ಹಾಲುತುಪ್ಪಕ್ಕೆ ಹೋದಾಗ, ಹಾಸಿಗೆ ಒಯ್ಯಲು ಬರುವ ಆಳಿಗಾಗಿ ನಾನೊಬ್ಬಳೇ ಮನೆಯಲ್ಲಿದ್ದೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕತ್ತರಿ ತಂದು ಗವಸಿನ ಹೊಲಿಗೆ ಬಿಚ್ಚಿದೆ. ಒಳಗೆ ಒಂದೇ ಹಲಗೆಯ ಹಾಗೆ ಹಳದಿ ಫೋಮು. ಹಿಡಿ ತುಂಬ ತೆಗೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮೂಸಿ ನೋಡಿದೆ, ರಬ್ಬರಿನ ವಾಸನೆ. ಅವಳ ಬೆನ್ನು ಇದ್ದ ಕಡೆ ಅಂಗೈ ಇಟ್ಟು ಬಲವಾಗಿ ಒತ್ತಿ ಹಿಡಿದುಕೊಂಡು ಕೂತೆ. ಕೈ ತೆಗೆದೊಡನೆ ಅದು ಮೆಲ್ಲಗೆ ಎದ್ದು, ಯಾರೂ ಎಂದೂ ಮಲಗಿರಲಿಲ್ಲ ಎಂಬಂತೆ ಸಮವಾಯಿತು. ಹೊರಗೆ ಆಳು ಬಂದು ಕೂಗುತ್ತಿದ್ದ. ದಬ್ಬಳ ಹುಡುಕಿ, ಗವಸನ್ನು ಇದ್ದ ಹಾಗೇ ಹೊಲಿದು, ಹಲ್ಲಿನಿಂದ ದಾರ ಕಡಿದು, ಹೋಗಿ ಬಾಗಿಲು ತೆಗೆದೆ.